ರೈಲು ಹತ್ತಿದ್ದು ಸಾಕು, ಇನ್ನು ರೈಲು ಕಟ್ಟೋಣ

ಬೆಂಗಳೂರಿನ ರೈಲು ಕಂಪೆನಿಗಳಿಗೆ ಇಂಜಿನಿಯರುಗಳು ಬೇಕಾಗಿದ್ದಾರೆ. ಡಬ್ಬಿಯ ನಕ್ಷೆ ತಯಾರಿಸುವವರು, ಬ್ರೇಕು ಪರೀಕ್ಷಿಸುವವರು, ಮೋಟಾರಿನ ಲೆಕ್ಕ ಹಾಕುವವರು, ಸಿಗ್ನಲ್ ವ್ಯವಸ್ಥೆಗೆ ಸಾಫ್ಟ್‌ವೇರ್ ಬರೆಯುವವರು, ಹೀಗೆ ಬೇಡಿಕೆಯ ಪಟ್ಟಿ ಉದ್ದವಾಗುತ್ತಲೇ ಇದೆ. ನಗರ ನಗರಗಳಲ್ಲಿ ಮೆಟ್ರೋ ಹಳಿ ಹಾಕುತ್ತಿರುವಾಗ, ವಂದೇ ಭಾರತ್ ರೈಲುಗಳನ್ನು ಒಂದರ ಹಿಂದೊಂದು ಓಡಿಸುತ್ತಿರುವಾಗ ಇದು ಸಹಜವೇ. ಸಂತೋಷದ ಸುದ್ದಿಯೂ ಹೌದು. ಆದರೆ ಈ ಸಂತೋಷದಲ್ಲಿ ನಮ್ಮ ಊರಿನ, ನಮ್ಮ ಜಿಲ್ಲೆಯ, ನಮ್ಮ ಸಮುದಾಯದ ಮಕ್ಕಳ ಪಾಲೆಷ್ಟು ಎಂದು ಕೇಳಿದರೆ ಮದುವೆಮನೆಯಲ್ಲಿ ಹಳೇ ಸಾಲದ ಮಾತೆತ್ತಿದವರನ್ನು ನೋಡುವಂತೆ ಜನ ನಮ್ಮನ್ನು ನೋಡುತ್ತಾರೆ. ನೋಡಲಿ. ಸಾಲ ಇರುವುದು ನಿಜವಾದರೆ ಅದನ್ನು ಕೇಳಲು ಒಳ್ಳೆಯ ಗಳಿಗೆಯನ್ನು ಎಲ್ಲಿಂದ ಹುಡುಕಿ ತರುವುದು?

ಈ ಉದ್ಯಮ ಕರ್ನಾಟಕಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಬೆಂಗಳೂರಿನ ಎಚ್‌ಎಎಲ್ ಒಂದು ಕಾಲದಲ್ಲಿ ವಿಮಾನದ ಜೊತೆಗೆ ರೈಲಿನ ಡಬ್ಬಿಗಳನ್ನೂ ಕಟ್ಟುತ್ತಿತ್ತು. ಆ ವಿಭಾಗವನ್ನು ವಹಿಸಿಕೊಂಡು 1964ರಲ್ಲಿ ಬಿಇಎಂಎಲ್ ಹುಟ್ಟಿತು. 1984ರಲ್ಲಿ ಯಲಹಂಕದಲ್ಲಿ ರೈಲು ಗಾಲಿಗಳ ಕಾರ್ಖಾನೆ ಶುರುವಾಯಿತು. ದಿಲ್ಲಿಯ ಮೆಟ್ರೋಗೂ, 2011ರಲ್ಲಿ ಓಡತೊಡಗಿದ ಬೆಂಗಳೂರಿನ ನಮ್ಮ ಮೆಟ್ರೋಗೂ ಡಬ್ಬಿ ಕಟ್ಟಿಕೊಟ್ಟದ್ದು ಬಿಇಎಂಎಲ್. ವಂದೇ ಭಾರತ್ ಸ್ಲೀಪರ್ ರೈಲಿನ ಮೊದಲ ಮಾದರಿಯನ್ನು 2024ರ ಸೆಪ್ಟೆಂಬರ್ 1ರಂದು ರೈಲ್ವೆ ಸಚಿವರು ಜನರಿಗೆ ತೋರಿಸಿದ್ದು ಅದರ ಬೆಂಗಳೂರಿನ ಕಾರ್ಖಾನೆಯಲ್ಲಿಯೇ. ಮರುತಿಂಗಳು, ಗಂಟೆಗೆ 280 ಕಿಲೋಮೀಟರ್ ವೇಗಕ್ಕೆ ವಿನ್ಯಾಸ ಮಾಡಬೇಕಾದ ಎರಡು ರೈಲುಗಳ ಕೆಲಸ 866.87 ಕೋಟಿ ರೂಪಾಯಿಗೆ ಅದರ ಪಾಲಿಗೆ ಬಂತು. ಇನ್ನು ಖಾಸಗಿಯವರು. ಬೊಂಬಾರ್ಡಿಯರ್‌ನ ರೈಲು ವ್ಯವಹಾರವನ್ನು 2021ರಲ್ಲಿ ಕೊಂಡುಕೊಂಡ ಫ್ರಾನ್ಸಿನ ಆಲ್‌ಸ್ಟಾಮ್, ರೈಲು ಇಂಜಿನ್ನುಗಳ ಅಮೆರಿಕನ್ ಕಂಪೆನಿ ವಾಬ್‌ಟೆಕ್, ಇವೆರಡೂ ಬೆಂಗಳೂರಿನಲ್ಲಿ ದೊಡ್ಡ ಇಂಜಿನಿಯರಿಂಗ್ ಕಚೇರಿಗಳನ್ನು ಇಟ್ಟುಕೊಂಡಿವೆ. ಹೊರದೇಶಗಳಲ್ಲಿ ಓಡುವ ರೈಲುಗಳ ಲೆಕ್ಕಾಚಾರವೂ ಇಲ್ಲಿಯ ಕಂಪ್ಯೂಟರುಗಳಲ್ಲಿ ನಡೆಯುತ್ತದೆ.

ರೈಲು ಕಟ್ಟುವುದೆಂದರೆ ತಗಡು ಬಡಿಯುವುದು ಎಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದೇ ಉದಾಹರಣೆ ಸಾಕು. ಜನ ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತಾರೆ. ಇಂಜಿನಿಯರನಿಗೆ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ಗಾಲಿ, ಅಚ್ಚು, ಸ್ಪ್ರಿಂಗು, ಬ್ರೇಕುಗಳನ್ನು ಹೊತ್ತುಕೊಂಡಿರುವ ಉಕ್ಕಿನ ಚೌಕಟ್ಟು. ತಿರುವಿನಲ್ಲಿ ರೈಲು ಹಳಿ ಬಿಡದಂತೆ ನೋಡಿಕೊಳ್ಳುವುದು ಅದು, ಮೇಲೆ ಮಲಗಿದ ಮಗುವಿನ ನಿದ್ದೆ ಕೆಡದಂತೆ ನೋಡಿಕೊಳ್ಳುವುದೂ ಅದೇ. ಆ ಚೌಕಟ್ಟು ದಿನವೂ ಲಕ್ಷಾಂತರ ಸಲ ಕುಲುಕುತ್ತದೆ. ವರ್ಷಗಟ್ಟಲೆ ಕುಲುಕಿದರೂ ಯಾವ ಬೆಸುಗೆಯೂ ಬಿರಿಯಬಾರದು. ಹಾಗೆಂದು ಮೊದಲೇ ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ಸಹಿ ಹಾಕುವವನು ಇಂಜಿನಿಯರ್. ಒಂದೇ ಹಳಿಯಲ್ಲಿ ಎರಡು ರೈಲುಗಳು ಎದುರುಬದುರು ಬಂದರೆ ತಾನಾಗಿ ಬ್ರೇಕು ಹಾಕುವ 'ಕವಚ್'ನಂಥ ವ್ಯವಸ್ಥೆಗೆ ಎಲೆಕ್ಟ್ರಾನಿಕ್ಸ್ ಓದಿದವರು ಬೇಕು, ಕಂಪ್ಯೂಟರ್ ಸೈನ್ಸ್ ಓದಿದವರು ಬೇಕು. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಕಲಿಸುವುದು ಇದೇ ಮೆಕ್ಯಾನಿಕಲ್, ಇದೇ ಎಲೆಕ್ಟ್ರಾನಿಕ್ಸ್, ಇದೇ ಕಂಪ್ಯೂಟರ್. ಪಾಠ ಒಂದೇ ಆಗಿರುವಾಗ ಬಾಗಿಲು ಮಾತ್ರ ಯಾಕೆ ಬೇರೆ ಬೇರೆ?

ಭಟ್ಕಳಕ್ಕೂ ರೈಲಿಗೂ ಏನು ಸಂಬಂಧ ಎಂದು ಕೇಳುವವರಿಗೆ ಸ್ವಲ್ಪ ಹಿಂದಿನ ಮಾತು ಹೇಳಬೇಕು. ಅರಬ್ ನಾಡಿನ ಕುದುರೆಗಳು ಈ ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಒಂದು ಸಾಮ್ರಾಜ್ಯದ ಓಡಾಟಕ್ಕೆ ಬೇಕಾದದ್ದನ್ನು ಒದಗಿಸಿದ ಊರಿದು. ಅಂಥ ಊರಿಗೆ ರೈಲು ಬರಲು ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಾಯಬೇಕಾಯಿತು. 1990ರಲ್ಲಿ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅದನ್ನು ಕಟ್ಟಿಸಿದರು. 1998ರ ಜನವರಿ 26ರಂದು ಮಂಗಳೂರಿನಿಂದ ಮುಂಬೈ ಕಡೆಗೆ ಈ ದಾರಿ ಪೂರ್ತಿಯಾಗಿ ತೆರೆಯಿತು. ಆ ಮಾರ್ಗದ ಅತಿ ಉದ್ದದ ಸೇತುವೆ ಇರುವುದು ನಮ್ಮ ನೆರೆಯ ಹೊನ್ನಾವರದಲ್ಲಿ, ಶರಾವತಿಯ ಮೇಲೆ. ಎರಡು ಕಿಲೋಮೀಟರಿಗಿಂತಲೂ ಉದ್ದ. ಆ ನಿಗಮದಲ್ಲಿ ಶೇ. 15ರ ಪಾಲು ಹಾಕಿದ್ದು ಕರ್ನಾಟಕ ಸರ್ಕಾರ, ಅಂದರೆ ನಮ್ಮ ತೆರಿಗೆಯ ದುಡ್ಡು. ಹಳಿಗಾಗಿ ಗದ್ದೆ ಬಿಟ್ಟುಕೊಟ್ಟವರು, ತೆಂಗಿನ ತೋಟ ಬಿಟ್ಟುಕೊಟ್ಟವರು ಕುಮಟಾ, ಹೊನ್ನಾವರ, ಭಟ್ಕಳದ ಸಾಮಾನ್ಯರು. ಅವರಲ್ಲಿ ನಾಮಧಾರಿಗಳಿದ್ದರು, ಹಾಲಕ್ಕಿಗಳಿದ್ದರು, ಕ್ರೈಸ್ತರಿದ್ದರು, ಮುಸ್ಲಿಮರೂ ಇದ್ದರು. ಹಳಿ ಯಾರ ಜಾತಿಯನ್ನೂ ಕೇಳಿ ನೆಲ ತೆಗೆದುಕೊಳ್ಳಲಿಲ್ಲ. 2022ರಲ್ಲಿ ಈ ಮಾರ್ಗಕ್ಕೆ ಪೂರ್ತಿ ವಿದ್ಯುತ್ತೂ ಬಂತು. ರೈಲು ಬಂತು, ತಂತಿ ಬಂತು, ವೇಗವೂ ಬಂತು. ಆದರೆ ರೈಲಿನ ಉದ್ಯೋಗ ಮಾತ್ರ ನಮ್ಮ ನಿಲ್ದಾಣದಲ್ಲಿ ನಿಲ್ಲದ ಗಾಡಿಯಂತೆ ಸೀಟಿ ಹಾಕಿಕೊಂಡು ಮುಂದೆ ಹೋಯಿತು.

ಓದಿದವರಿಲ್ಲದ ಊರೇ ಇದು? ಅಲ್ಲ. ಇಲ್ಲಿಯ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಸಂಸ್ಥೆ ಹುಟ್ಟಿದ್ದು 1919ರಲ್ಲಿ. ಆ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1980ರಲ್ಲಿ. ಕೊಂಕಣ ರೈಲ್ವೆ ನಿಗಮ ಹುಟ್ಟುವುದಕ್ಕೂ ಹತ್ತು ವರ್ಷ ಮೊದಲೇ ಭಟ್ಕಳದಲ್ಲಿ ಹುಡುಗರು ಯಂತ್ರಶಾಸ್ತ್ರ ಓದುತ್ತಿದ್ದರು. ಅಲ್ಲಿ ಮುಸ್ಲಿಮರಷ್ಟೇ ಅಲ್ಲ, ಎಲ್ಲ ಧರ್ಮದ ಮಕ್ಕಳೂ ಓದಿದ್ದಾರೆ. ಹಾಗಿದ್ದರೂ ಪದವಿ ಹಿಡಿದ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಯ ಮೊದಲ ಪಯಣ ವಿಮಾನ ನಿಲ್ದಾಣದ ಕಡೆಗೆ. ರೈಲು ಅವರಿಗೆ ಊರು ಬಿಡುವ ದಾರಿ ಮಾತ್ರ.

ಇದು ಒಂದು ಊರಿನ ಕಥೆ ಎಂದು ತಳ್ಳಿಹಾಕುವಂತಿಲ್ಲ. 2006ರ ನವೆಂಬರಿನಲ್ಲಿ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ಓದುಗರು ಮರೆತಿರಲಾರರು. ಆಗ ಭಾರತೀಯ ರೈಲ್ವೆಯಲ್ಲಿ ಸುಮಾರು 14 ಲಕ್ಷ ನೌಕರರು. ಅವರಲ್ಲಿ ಮುಸ್ಲಿಮರು ಶೇ. 4.5. ದೇಶದ ಜನಸಂಖ್ಯೆಯಲ್ಲಿ ನಾವು ಶೇ. 13.4 ಇದ್ದೆವು. ಇನ್ನೊಂದು ಅಂಕಿ ಇದಕ್ಕಿಂತ ಕಹಿಯಾದದ್ದು. ಆ ಶೇ. 4.5ರೊಳಗೂ ನೂರಕ್ಕೆ 98.7 ಮಂದಿ ಕೆಳಗಿನ ದರ್ಜೆಗಳಲ್ಲೇ ಇದ್ದರು. ಅಂದರೆ ಹಳಿ ಬಡಿಯಲು ನಾವು ಬೇಕು, ಡಬ್ಬಿ ತೊಳೆಯಲು ನಾವು ಬೇಕು. ಹಳಿ ಎಲ್ಲಿ ಹಾಯಬೇಕು, ಡಬ್ಬಿ ಹೇಗಿರಬೇಕು ಎಂದು ತೀರ್ಮಾನಿಸುವ ಮೇಜಿನ ಸುತ್ತ ನಾವಿಲ್ಲ. ಯಾವ ಕೆಲಸವೂ ಕೀಳಲ್ಲ, ಹಳಿ ಬಡಿಯುವವನ ಬೆವರಿಗೆ ನಮ್ಮ ಸಲಾಮ್ ಇದೆ. ಆದರೆ ಒಂದು ಸಮುದಾಯ ತಲೆಮಾರುಗಟ್ಟಲೆ ಸುತ್ತಿಗೆಯನ್ನಷ್ಟೇ ಹಿಡಿಯಬೇಕು, ಪೆನ್ನು ಹಿಡಿಯಬಾರದು ಎಂದರೆ ಅದನ್ನು ಕಾಕತಾಳೀಯ ಎಂದು ಕರೆಯುವ ಔದಾರ್ಯ ನಮ್ಮಲ್ಲಿಲ್ಲ.

'ನಿಮ್ಮವರು ಅರ್ಜಿಯನ್ನೇ ಹಾಕುವುದಿಲ್ಲವಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಇಲ್ಲಿದೆ. ನಮಗೆ ಗೊತ್ತಿರುವ ಒಬ್ಬ ಹುಡುಗ, ಎಲೆಕ್ಟ್ರಾನಿಕ್ಸ್ ಓದಿದವನು, ಬೆಂಗಳೂರಿನ ಒಂದು ಕಂಪೆನಿಯ ಸಂದರ್ಶನಕ್ಕೆ ಹೋಗಿದ್ದ. ಅರ್ಧ ಗಂಟೆ ಪ್ರಶ್ನೋತ್ತರ ಚೆನ್ನಾಗಿಯೇ ನಡೆಯಿತು. ಕೊನೆಗೆ ಅರ್ಜಿಯ ಮೇಲೆ ಕಣ್ಣಾಡಿಸುತ್ತಿದ್ದವರು ತಲೆಯೆತ್ತಿ 'ಭಟ್ಕಳವಾ?' ಎಂದರಂತೆ. 'ಹೌದು ಸರ್' ಎಂದನಂತೆ. 'ಅದೇ ಭಟ್ಕಳವಾ?' ಎಂದು ಮತ್ತೆ ಕೇಳಿದರಂತೆ. 'ಇರುವುದೇ ಒಂದು ಸರ್' ಎಂದನಂತೆ. ಎಲ್ಲರೂ ನಕ್ಕರಂತೆ, ಇವನೂ ನಕ್ಕನಂತೆ. ಆಮೇಲೆ ಅಲ್ಲಿಂದ ಪತ್ರ ಬರಲಿಲ್ಲ. ಆ ಪ್ರಶ್ನೆಯಿಂದಲೇ ಬರಲಿಲ್ಲ ಎಂದು ನಾವು ಆಣೆ ಇಟ್ಟು ಹೇಳಲಾರೆವು. ಆದರೆ ಮುಂದಿನ ಅರ್ಜಿಯಲ್ಲಿ ಅವನು ಊರಿನ ಹೆಸರು ಬರೆಯುವಲ್ಲಿ 'ಉತ್ತರ ಕನ್ನಡ' ಎಂದಷ್ಟೇ ಬರೆದ. ಇಪ್ಪತ್ತಮೂರು ವರ್ಷದ ಹುಡುಗನೊಬ್ಬ ತಾನು ಹುಟ್ಟಿದ ಊರನ್ನು ತನ್ನ ಕೈಯಾರೆ ಅರ್ಜಿಯಿಂದ ಅಳಿಸಿದ್ದು ಯಾವ ಸಮಿತಿಯ ವರದಿಯಲ್ಲೂ ಅಂಕಿಯಾಗಿ ಬರುವುದಿಲ್ಲ.

2008ರ ನಂತರದ ವರ್ಷಗಳಲ್ಲಿ ಬಾಂಬ್ ಸ್ಫೋಟ ಪ್ರಕರಣಗಳ ಕೆಲವು ಆರೋಪಿಗಳ ಹೆಸರಿನ ಮುಂದೆ ನಮ್ಮ ಊರಿನ ಹೆಸರನ್ನು ಅಂಟಿಸಿ ಪತ್ರಿಕೆಗಳು, ಟಿವಿ ಚಾನೆಲ್‌ಗಳು ದಿನಗಟ್ಟಲೆ ಕೂಗಿದವು. ಅಪರಾಧ ಮಾಡಿದವರಿಗೆ ನ್ಯಾಯಾಲಯ ಕೊಟ್ಟ ಶಿಕ್ಷೆಯ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ನಿರಪರಾಧಿಗಳ ರಕ್ತ ಹರಿಸಿದವರು ಯಾರೇ ಇರಲಿ, ಅವರು ನಮ್ಮವರಲ್ಲ. ನಮ್ಮ ಪ್ರಶ್ನೆ ಬೇರೆ. ಬೇರೆ ಯಾವ ಊರಿನ ಅಪರಾಧಿಯ ಹೆಸರಿನ ಜೊತೆಗೂ ಅವನ ಊರು ಹೀಗೆ ಜೈಲಿಗೆ ಹೋಗಿದೆಯೇ? ಕೊಲೆಗಾರನೊಬ್ಬ ಸಿಕ್ಕಿಬಿದ್ದಾಗ ಅವನ ತಾಲೂಕಿನ ಇಂಜಿನಿಯರುಗಳನ್ನೆಲ್ಲ ಅನುಮಾನದಿಂದ ನೋಡುವ ಪದ್ಧತಿ ಎಲ್ಲಿದೆ? ಈ ಹೆಸರಿನ ಭಾರವನ್ನು ಹೊರುತ್ತಿರುವವರು ಮುಸ್ಲಿಮರು ಮಾತ್ರ ಎಂದೂ ತಿಳಿಯಬೇಡಿ. ಪರವೂರಿನಲ್ಲಿ ಬಾಡಿಗೆ ಮನೆ ಕೇಳುವಾಗ ಭಟ್ಕಳದ ಖಾರ್ವಿ ಹುಡುಗನೂ ಒಮ್ಮೆ ಉಗುಳು ನುಂಗಿಯೇ ಊರಿನ ಹೆಸರು ಹೇಳುತ್ತಾನೆ.

ಇನ್ನು ಪ್ರತಿಭೆಯ ಮಾತು. ಪ್ರತಿಭೆ ಇದ್ದವರನ್ನು ಯಾರು ತಾನೇ ಬೇಡವೆನ್ನುತ್ತಾರೆ ಎಂದು ಕಂಪೆನಿಯವರು ಕೇಳುತ್ತಾರೆ. ಸರಿ. ಆದರೆ ಆ ಪ್ರತಿಭೆಯನ್ನು ಹುಡುಕಲು ಅವರು ಎಲ್ಲಿಗೆ ಹೋಗುತ್ತಾರೆ? ಬೆಂಗಳೂರು, ಮೈಸೂರು, ಸುರತ್ಕಲ್ಲಿನ ಹೆಸರಾಂತ ಕಾಲೇಜುಗಳ ಅಂಗಳಕ್ಕೆ. ಅವರ ಕಾರು ಸುರತ್ಕಲ್ಲಿನಿಂದ ಉತ್ತರಕ್ಕೆ ಇನ್ನೆರಡು ಗಂಟೆ ಓಡಿದರೆ ಭಟ್ಕಳ. ಅಷ್ಟು ದೂರ ಬರಲು ಪುರುಸೊತ್ತಿಲ್ಲ. ಬಾವಿಗೆ ಕೊಡವನ್ನೇ ಇಳಿಸದೆ ಬಾವಿಯಲ್ಲಿ ನೀರಿಲ್ಲ ಎಂದು ಸಾರಿದ ಹಾಗಾಯಿತು ಇದು.

ಸರ್ಕಾರದ ಕಡೆ ನೋಡಿದರೆ ಅಲ್ಲಿ ಅಡ್ಡಗೋಡೆಯ ಮೇಲೆ ದೀಪ. ಕನ್ನಡಿಗರಿಗೆ ಉದ್ಯೋಗ ಸಿಗುವ ಬಗೆಯನ್ನು ಹೇಳಲು 1983ರಲ್ಲಿ ಸರೋಜಿನಿ ಮಹಿಷಿ ಸಮಿತಿಯನ್ನು ನೇಮಿಸಿದರು. ಅದು 58 ಶಿಫಾರಸುಗಳನ್ನು ಕೊಟ್ಟಿತು. ಕೇಂದ್ರದ ಸಾರ್ವಜನಿಕ ಉದ್ಯಮಗಳ ಬಗ್ಗೆ ಆ ವರದಿ ಹೇಳಿದ್ದನ್ನು ಇಂದಿಗೂ ಭಾಷಣಗಳಲ್ಲಿ ಕೇಳುತ್ತೇವೆ, ನೇಮಕಾತಿ ಪಟ್ಟಿಗಳಲ್ಲಿ ಕಾಣುವುದಿಲ್ಲ. 2024ರ ಜುಲೈಯಲ್ಲಿ ರಾಜ್ಯದ ಸಚಿವ ಸಂಪುಟ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಉದ್ಯಮಗಳಲ್ಲಿ ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತು. ಉದ್ಯಮಿಗಳು ಹುಬ್ಬುಗಂಟಿಕ್ಕಿದರು. ಒಂದೆರಡು ದಿನಗಳಲ್ಲೇ ಮಸೂದೆ ತಡೆಹಿಡಿಯಲ್ಪಟ್ಟಿತು. ಆ ಮಸೂದೆಯಲ್ಲಿ 'ಸ್ಥಳೀಯ' ಎಂದರೆ ಯಾರು ಎಂಬುದನ್ನು ನಮ್ಮ ಕರಾವಳಿಯವರು ಎಷ್ಟು ಮಂದಿ ಓದಿದರೋ ಗೊತ್ತಿಲ್ಲ. ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿಯೇ ನೆಲೆಸಿರಬೇಕು, ಕನ್ನಡ ಓದು ಬರಹ ಬಲ್ಲವನಾಗಿರಬೇಕು. ಕನ್ನಡದ ಷರತ್ತು ನ್ಯಾಯವಾದದ್ದು. ಹುಟ್ಟಿನ ಷರತ್ತು? ಅಪ್ಪ ದುಬೈಯ ಅಂಗಡಿಯಲ್ಲಿ ದುಡಿಯುತ್ತಿದ್ದಾಗ ಅಲ್ಲಿಯ ಆಸ್ಪತ್ರೆಯಲ್ಲಿ ಹುಟ್ಟಿ, ಮೂರನೇ ವರ್ಷಕ್ಕೆ ಊರಿಗೆ ಬಂದು, ಇಲ್ಲಿಯೇ ಎಸ್ಸೆಸ್ಸೆಲ್ಸಿ ಮಾಡಿ, ಇಲ್ಲಿಯೇ ಇಂಜಿನಿಯರ್ ಆದ ಹುಡುಗಿ ಆ ಲೆಕ್ಕದಲ್ಲಿ ಸ್ಥಳೀಯಳಲ್ಲ. ಅಲ್ಲಿ ಅವಳಿಗೆ ಪೌರತ್ವ ಸಿಗುವುದಿಲ್ಲ, ಇಲ್ಲಿ ಸ್ಥಳೀಯತೆ ಸಿಗುವುದಿಲ್ಲ. ಅವಳು ಎಲ್ಲಿಯವಳು ಎಂದು ಸಂಪುಟದವರು ಯಾರಾದರೂ ಹೇಳುವರೇ?

ಇತ್ತ ಸಾರ್ವಜನಿಕ ಉದ್ಯಮಗಳೇ ಕರಗುತ್ತಿವೆ. ಬಿಇಎಂಎಲ್‌ನಲ್ಲಿ ತನ್ನ ಶೇ. 26ರ ಪಾಲನ್ನು ಆಡಳಿತದ ಹಿಡಿತದ ಸಮೇತ ಮಾರಲು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಗಿರಾಕಿಗಳನ್ನು ಕರೆಯಿತು. ಕಾಯಂ ಹುದ್ದೆ ಕಡಿಮೆಯಾಗಿ ಗುತ್ತಿಗೆಯ ದುಡಿಮೆ ಹೆಚ್ಚುವುದು ಇಂದು ಎಲ್ಲ ಸಾರ್ವಜನಿಕ ಉದ್ಯಮಗಳ ರೋಗ. ಗುತ್ತಿಗೆಯವನು ನೇಮಕ ಮಾಡಿದರೆ ಮೀಸಲಾತಿಯನ್ನು ಯಾರು ಕೇಳಬೇಕು? 2025ರ ಆಗಸ್ಟಿನಲ್ಲಿ ಅದೇ ಬಿಇಎಂಎಲ್‌ನ 1,800 ಕೋಟಿ ರೂಪಾಯಿಯ ಹೊಸ ರೈಲು ಕಾರ್ಖಾನೆಗೆ ಮಧ್ಯಪ್ರದೇಶದ ರಾಯಸೇನ್ ಜಿಲ್ಲೆಯಲ್ಲಿ ಅಡಿಗಲ್ಲು ಬಿತ್ತು. ಅಲ್ಲಿಯ ಮಕ್ಕಳಿಗೂ ಕೆಲಸ ಬೇಕು, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೋಲಾರ ಜಿಲ್ಲೆಗೆ ಘೋಷಣೆಯಾದ ರೈಲು ಕೋಚ್ ಕಾರ್ಖಾನೆ ಕಾಗದದ ಮೇಲೆಯೇ ಉಳಿದದ್ದನ್ನು ನೆನೆದಾಗ, ನಮ್ಮ ಸಂಸದರು ದಿಲ್ಲಿಯಲ್ಲಿ ಕುಳಿತು ಯಾವ ರೈಲಿಗೆ ಕಾಯುತ್ತಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ. ಘಟ್ಟ ಮತ್ತು ಕಡಲಿನ ನಡುವಿನ ಈ ಕಿರುನೆಲದಲ್ಲಿ ದೊಡ್ಡ ಕಾರ್ಖಾನೆ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಸೀಬರ್ಡ್‌ಗೆ, ಕೈಗಾಕ್ಕೆ ನೆಲ ಕೊಟ್ಟು ದಣಿದ ಜಿಲ್ಲೆ ಇದು. ಆದರೆ ವಿನ್ಯಾಸದ ಕಚೇರಿಗೆ ಬೇಕಾದದ್ದು ಒಂದು ಕಟ್ಟಡ, ಕರೆಂಟು, ಕಂಪ್ಯೂಟರು ಮತ್ತು ಕಲಿತ ಮಕ್ಕಳು. ಇವುಗಳಲ್ಲಿ ಯಾವುದು ಉತ್ತರ ಕನ್ನಡದಲ್ಲಿ ಸಿಗುವುದಿಲ್ಲ?

ಇಷ್ಟೆಲ್ಲ ಪರರಿಗೆ ಹೇಳಿದ ಮೇಲೆ ನಮ್ಮ ಮನೆಯೊಳಗಿನ ಮಾತನ್ನೂ ಆಡಬೇಕು. ಗಲ್ಫಿನ ದುಡ್ಡಿಗೆ ನಾವು ಕೃತಘ್ನರಲ್ಲ. ಆ ದುಡ್ಡು ಮನೆ ಕಟ್ಟಿಸಿತು, ಶಾಲೆ ಕಟ್ಟಿಸಿತು, ಎಷ್ಟೋ ತಂಗಿಯರ ಮದುವೆ ಮಾಡಿಸಿತು. ಬಿಸಿಲಲ್ಲಿ ಬೆಂದು ದುಡಿದವರ ಋಣ ದೊಡ್ಡದು. ಆದರೆ ಆ ದುಡಿಮೆ ನಮಗೊಂದು ಅಭ್ಯಾಸವನ್ನೂ ಕಲಿಸಿತು. ಮಗ ಹುಟ್ಟಿದರೆ ಪಾಸ್‌ಪೋರ್ಟು, ಪಾಸಾದರೆ ವೀಸಾ. ಇಂಜಿನಿಯರಿಂಗ್ ಓದಿದವನು ಶಾರ್ಜಾದಲ್ಲಿ ಮಾವನ ಬಟ್ಟೆ ಅಂಗಡಿಯ ಲೆಕ್ಕ ಬರೆದರೆ ಯಾರಿಗೂ ಬೇಸರವಿಲ್ಲ. ಅದೇ ಹುಡುಗ ಬೆಂಗಳೂರಿನಲ್ಲಿ ಕಡಿಮೆ ಸಂಬಳಕ್ಕೆ ತರಬೇತಿ ಇಂಜಿನಿಯರ್ ಆಗಿ ಸೇರುತ್ತೇನೆಂದರೆ 'ಇಷ್ಟಕ್ಕೆ ಓದಿಸಿದ್ದಾ?' ಎಂದು ಕೇಳುತ್ತೇವೆ. ಆ ಕಡಿಮೆ ಸಂಬಳದ ಐದು ವರ್ಷ ಅವನನ್ನು ಕೆಲಸಗಾರನಿಂದ ಕಸುಬುದಾರನನ್ನಾಗಿ ಮಾಡುತ್ತದೆ ಎಂಬ ತಾಳ್ಮೆ ನಮಗಿಲ್ಲ.

ತಮಾಷೆ ನೋಡಿ. ನಾವು ಹೋಗಿ ಅಂಗಡಿ ಇಟ್ಟ ನಾಡುಗಳೂ ಈಗ ರೈಲಿನ ಹಿಂದೆ ಬಿದ್ದಿವೆ. 2009ರಲ್ಲಿ ದುಬೈ ಮೆಟ್ರೋ ಬಂತು. 2018ರಲ್ಲಿ ಮಕ್ಕಾ ಮತ್ತು ಮದೀನಾ ನಡುವೆ ಗಂಟೆಗೆ 300 ಕಿಲೋಮೀಟರ್ ವೇಗದ ಹರಮೈನ್ ರೈಲು ಓಡಿತು. 2024ರ ಡಿಸೆಂಬರಿನಲ್ಲಿ ರಿಯಾದ್ ಮೆಟ್ರೋ ತೆರೆಯಿತು. ಹಜ್‌ಗೆ ಹೋದ ನಮ್ಮ ಹಿರಿಯರು ಆ ರೈಲಿನಲ್ಲಿ ಕುಳಿತು ಸುಬ್‌ಹಾನಲ್ಲಾ ಎನ್ನುತ್ತಾರೆ. ಅದನ್ನು ಕಟ್ಟಿದ್ದು ಸ್ಪೇನಿನ ಕಂಪೆನಿ. ರಿಯಾದಿನ ರೈಲುಗಳಲ್ಲಿ ಆಲ್‌ಸ್ಟಾಮ್‌ನವೂ ಇವೆ. ಅರಬ್ ನಾಡಿಗೆ ಹೋಗಲೇಬೇಕೆಂದಿದ್ದರೆ, ಬೆಂಗಳೂರಿನಲ್ಲಿ ರೈಲಿನ ವಿದ್ಯೆ ಕಲಿತವನು ಅಲ್ಲಿಗೆ ಗೌರವದಿಂದ ಹೋಗಬಲ್ಲ. ಮಾವನ ವೀಸಾದ ಹಂಗು ಅವನಿಗಿರುವುದಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಪರೀಕ್ಷೆಯ ಫಲಿತಾಂಶ ಬಂದಾಗ ನಮ್ಮ ಊರುಗಳಲ್ಲಿ ಮೊದಲ ಸಾಲಿನಲ್ಲಿ ಕಾಣುವುದು ಅವರ ಹೆಸರುಗಳು. ಮರುವರ್ಷ ಆ ಹೆಸರುಗಳು ಕಾಣುವುದು ಮದುವೆಯ ಕಾಗದದಲ್ಲಿ. ಮದುವೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಇಂದು ರೈಲಿನ ವಿನ್ಯಾಸದ ಬಹುಪಾಲು ಕೆಲಸ ಕಂಪ್ಯೂಟರಿನ ಎದುರು ಕುಳಿತು ಮಾಡುವಂಥದ್ದು. ತಲೆಯ ಮೇಲೆ ದುಪಟ್ಟಾ ಇದ್ದರೆ ಗಾಲಿಯ ಲೆಕ್ಕ ತಪ್ಪುವುದಿಲ್ಲ. ಇದನ್ನು ಕಂಪೆನಿಯವರೂ ತಿಳಿಯಬೇಕು, ನಮ್ಮ ಮನೆಯ ಹಿರಿಯರೂ ತಿಳಿಯಬೇಕು. ಬೆಂಗಳೂರಿನಲ್ಲಿ ನಂಬಿಕೆಯ ಒಂದು ಹಾಸ್ಟೆಲ್ ಇಲ್ಲವೆಂಬ ಕಾರಣಕ್ಕೆ ಒಬ್ಬ ಇಂಜಿನಿಯರ್ ಅಡುಗೆಮನೆಯಲ್ಲಿ ಉಳಿದರೆ ಆ ಹಾಸ್ಟೆಲ್ ಕಟ್ಟಿಸದವರು ಯಾರು? ಶಾದಿಮಹಲು ಕಟ್ಟಿಸಲು ನಮಗೆ ಎಂದೂ ದುಡ್ಡಿಗೆ ಕೊರತೆಯಾಗಿಲ್ಲ.

ಭಾಷೆಯ ಮಾತನ್ನೂ ನುಂಗಿಕೊಳ್ಳುವಂತಿಲ್ಲ. ಮನೆಯಲ್ಲಿ ನವಾಯತಿ ಅಥವಾ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್, ಇವುಗಳ ನಡುವೆ ಕನ್ನಡ ನಮ್ಮ ಎಷ್ಟೋ ಮಕ್ಕಳಿಗೆ ಮೂರನೇ ಭಾಷೆಯ ನೂರು ಅಂಕಗಳಲ್ಲಿ ಮುಗಿದುಹೋಗುತ್ತದೆ. ಉರ್ದುವೂ ಕನ್ನಡವೂ ನಮ್ಮನ್ನು ಸಾಕಿದ ಎರಡು ಭಾಷೆಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ ಎಂದು ನಾವು ಹೇಳುವುದಿಲ್ಲ. ಆದರೆ ಕನ್ನಡ ಬಾರದ ಕನ್ನಡಿಗನ ಪರವಾಗಿ ವಾದಿಸುವುದು ಕಷ್ಟ. ಕಾರ್ಖಾನೆಯ ನೆಲದಲ್ಲಿ ವೆಲ್ಡರಿನ ಜೊತೆ, ಫಿಟ್ಟರಿನ ಜೊತೆ ನಿಂತು ಮಾತಾಡುವಾಗ ಇಂಜಿನಿಯರನ ಇಂಗ್ಲಿಷು ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ರಾಜ್ಯದ ನೆಲ, ನೀರು, ರಿಯಾಯಿತಿ ಪಡೆಯುವ ಪ್ರತಿ ಕಂಪೆನಿಯೂ ಯಾವ ಜಿಲ್ಲೆಯಿಂದ ಎಷ್ಟು ಜನರನ್ನು ತೆಗೆದುಕೊಂಡಿತು ಎಂಬ ಲೆಕ್ಕವನ್ನು, ಗುತ್ತಿಗೆಯವರನ್ನೂ ಸೇರಿಸಿ, ವರ್ಷಕ್ಕೊಮ್ಮೆ ಬಹಿರಂಗಪಡಿಸಲಿ. ಮೊದಲ ಸುತ್ತಿನಲ್ಲಿ ಅರ್ಜಿದಾರರ ಹೆಸರು ಮತ್ತು ಊರನ್ನು ಮುಚ್ಚಿಟ್ಟು ಅಂಕ ಮತ್ತು ಉತ್ತರಗಳನ್ನಷ್ಟೇ ನೋಡಲಿ. ಇದಕ್ಕೆ ಕಾನೂನು ಬೇಕಿಲ್ಲ, ಮನಸ್ಸು ಸಾಕು. ಕಾರವಾರದಿಂದ ಭಟ್ಕಳದವರೆಗಿನ ಕಾಲೇಜುಗಳ ಮಕ್ಕಳನ್ನು ಒಂದೇ ಕಡೆ ಸೇರಿಸಿ ಸಂದರ್ಶನ ನಡೆಸಲಿ. ಸ್ಥಳೀಯರ ಮಸೂದೆಯನ್ನು ಮತ್ತೆ ತರುವುದಾದರೆ ಹುಟ್ಟಿದ ಆಸ್ಪತ್ರೆಯನ್ನು ಬಿಟ್ಟು ಬೆಳೆದ ಊರನ್ನು ಲೆಕ್ಕಕ್ಕೆ ಹಿಡಿಯಲಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ರೈಲ್ವೆಗಳು ಕೊಡುವ ತರಬೇತಿ ಜಾಗಗಳ ಸುದ್ದಿಯನ್ನು ನಮ್ಮ ಜಮಾತ್‌ಗಳು ಶುಕ್ರವಾರದ ನಮಾಜಿನ ನಂತರ ಓದಿಹೇಳಲಿ. ಗಲ್ಫಿನಲ್ಲಿರುವ ನಮ್ಮ ಸಂಘಗಳು ಗೇಟ್ ಪರೀಕ್ಷೆಗೆ ಓದುವ ಮಕ್ಕಳ ಒಂದು ವರ್ಷದ ಖರ್ಚನ್ನು ಹೊರಲಿ, ಜಾತಿ ಧರ್ಮ ಕೇಳದೆ. ಹಳಿಗೆ ನೆಲ ಕೊಟ್ಟ ನಾಮಧಾರಿಯ ಮಗನೂ ಖಾರ್ವಿಯ ಮಗಳೂ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಓದಲಿ. ಒಟ್ಟಿಗೆ ಓದಿದ ಮಕ್ಕಳ ಊರಿನಲ್ಲಿ ಬೆಂಕಿ ಹಚ್ಚುವುದು ಸುಲಭವಲ್ಲ. 1993ರ ಗಲಭೆಯನ್ನು ಕಂಡ ಭಟ್ಕಳಕ್ಕೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಸಂಬಳ ಎಲ್ಲಿಯಾದರೂ ಸಿಗುತ್ತದೆ. ನಾವು ಕೇಳುತ್ತಿರುವುದು ಅದಕ್ಕಿಂತ ದೊಡ್ಡದು. ಈ ದೇಶದ ಕೋಟ್ಯಂತರ ಜನ ತಮ್ಮ ಮಕ್ಕಳನ್ನು ನಂಬಿ ಮಲಗಿಸುವ ರೈಲಿನ ಗಾಲಿಗೆ, ಬ್ರೇಕಿಗೆ, ಸಿಗ್ನಲ್ಲಿಗೆ 'ಇದು ಸರಿಯಾಗಿದೆ' ಎಂದು ಬರೆಯುವ ಸಹಿಗಳಲ್ಲಿ ಭಟ್ಕಳದ ಹುಡುಗ ಹುಡುಗಿಯರ ಸಹಿಯೂ ಇರಬೇಕು. ಆ ಸಹಿಯ ಕೆಳಗೆ ಊರಿನ ಹೆಸರನ್ನು ಪೂರ್ತಿಯಾಗಿ, ಬಿಡಿಸಿ ಬರೆದಿರಬೇಕು.